ನಿರಾಶ್ರಿತ, ವಲಸಿಗ, ಒಕ್ಕಲು: ಎಲ್ಲಿ ಯಾವುದು?

ಎಲ್ಲರಿಗೂ ನಮಸ್ಕಾರ.

ಎರಡು ಮೂರು ಪದಗಳಿಗಾಗಿ ಹದಿನೈದು ದಿನದಿಂದ ಒದ್ದಾಡುತ್ತಿದ್ದೇನೆ. ಯಾರಿಗಾದರೂ ಹೊಳೆದರೆ ಹೇಳಿ.

ವಿಷಯ ಇಷ್ಟು. ನನ್ನ ಅಕ್ಕನ ಮಗಳು ಕೆನಡಾದಲ್ಲಿದ್ದಾಳೆ. ಅಲ್ಲಿ ಐದು ಜನ ಸೇರಿ ಸರ್ಕಾರಕ್ಕೆ ಅರ್ಜಿ ಹಾಕಿ, ಜೀವ ಉಳಿಸಿಕೊಳ್ಳಲು ತಮ್ಮ ದೇಶ ಬಿಟ್ಟು ಓಡಿದ ಒಂದು ಕುಟುಂಬವನ್ನು ಕರೆಸಿಕೊಳ್ಳಬಹುದಿತ್ತು (2024ರ ನವೆಂಬರಿನಲ್ಲಿ ಇಂಥ ಐವರ ಗುಂಪುಗಳಿಂದ ಹೊಸ ಅರ್ಜಿ ತೆಗೆದುಕೊಳ್ಳುವುದನ್ನು ತಡೆಹಿಡಿದರು). 1970ರ ದಶಕದ ಕೊನೆಯಿಂದ ಈ ಪದ್ಧತಿ ಉಂಟು. ವಿಯೆಟ್ನಾಂ ಕಡೆಯಿಂದ ದೋಣಿ ಹತ್ತಿ ಹೊರಟವರಲ್ಲಿ ಎಷ್ಟೋ ಮಂದಿ ಹೀಗೇ ಅಲ್ಲಿಗೆ ಸೇರಿದ್ದು. ಬಂದ ಮೇಲೆ ಸಾಮಾನ್ಯವಾಗಿ ಒಂದು ವರ್ಷ ಅವರ ಖರ್ಚು, ಬಾಡಿಗೆ ಮನೆ, ಮಕ್ಕಳ ಶಾಲೆ ಎಲ್ಲವೂ ಆ ಗುಂಪಿನ ತಲೆ ಮೇಲೆ. ಅಂಥ ಒಂದು ಗುಂಪಿನಲ್ಲಿ ಇವಳೂ ಇದ್ದಾಳೆ. ಅನುಭವವನ್ನು ಇಂಗ್ಲಿಷಿನಲ್ಲಿ ಬರೆದು ಕಳಿಸಿದ್ದಾಳೆ. ಮಂಗಳೂರಿನ ನಮ್ಮ ಬೀದಿಯ ಗೋಡೆಪತ್ರಿಕೆಗೆ ಅದನ್ನು ಕನ್ನಡ ಮಾಡುವ ಕೆಲಸ ನನಗೆ ಬಿತ್ತು.

ಮೊದಲ ಸಾಲಿಗೇ ಎಡವಿದೆ. "ನಾವು ಐವರು ಒಂದು ನಿರಾಶ್ರಿತ ಕುಟುಂಬವನ್ನು ಪ್ರಾಯೋಜಿಸಿದೆವು" ಅಂತ ಬರೆದೆ. ಗೆಳೆಯನೊಬ್ಬ ಓದಿ, "ಎಂತ ಮಾರಾಯ, ಕಬಡ್ಡಿ ಪಂದ್ಯವಾ? ಬ್ಯಾನರ್ ಎಲ್ಲಿ ಕಟ್ಟಿದ್ದು?" ಅಂದ. ಸರಿ, ‘ಪ್ರಾಯೋಜಿಸು’ ಹೋಯಿತು. ‘ಜಾಮೀನು’ ಅಂದರೆ ಬ್ಯಾಂಕು, ಪೊಲೀಸ್ ಠಾಣೆ ನೆನಪಾಗುತ್ತದೆ. ‘ಹೊಣೆ ಹೊತ್ತೆವು’ ಅಂದರೆ ಸಾಕು ಅಂತ ಈಗ ಅನ್ನಿಸಿದೆ. ಇದರಲ್ಲಿ ನನಗೆ ಜಾಸ್ತಿ ತಕರಾರಿಲ್ಲ.

ತಕರಾರು ಇರುವುದು ‘ನಿರಾಶ್ರಿತ’ದ ಜೊತೆ. ಆಸರೆ ಇಲ್ಲದವ ಅಂತ ತಾನೇ ಅದರ ಅರ್ಥ? ನಮ್ಮ ಪಚ್ಚನಾಡಿಯಲ್ಲಿ ನಿರಾಶ್ರಿತರ ಪರಿಹಾರ ಕೇಂದ್ರ ಇದೆ. ಅದು ಭಿಕ್ಷುಕರಿಗಾಗಿ ಸರ್ಕಾರ ನಡೆಸುವ ಜಾಗ. ಮಳೆಗಾಲದಲ್ಲಿ ನೆರೆ ನುಗ್ಗಿ ಶಾಲೆಯಲ್ಲಿ ಗಂಜಿ ಕೇಂದ್ರ ತೆರೆದರೆ ಅಲ್ಲಿ ಎರಡು ರಾತ್ರಿ ಮಲಗಿದವರೂ ನಿರಾಶ್ರಿತರೇ. ಗಡಿ ದಾಟಿ ಓಡಿದವರಿಗೂ ಅದೇ ಪದ. 1951ರ ವಿಶ್ವಸಂಸ್ಥೆಯ ಒಪ್ಪಂದದಲ್ಲಿ ಇರುವ ಅರ್ಥ ಬೇರೆ. ಜನಾಂಗ, ಧರ್ಮ, ರಾಜಕೀಯ ಅಭಿಪ್ರಾಯ, ಇಂಥ ಕಾರಣಕ್ಕೆ ತನ್ನ ದೇಶದಲ್ಲಿ ಹಿಂಸೆಯಾದೀತೆಂಬ ನಿಜವಾದ ಹೆದರಿಕೆಯಿಂದ ಹೊರಗೆ ಬಂದವನು. ಅವನ ಕಥೆಯಲ್ಲಿ ಮುಖ್ಯವಾದದ್ದು ಹೆದರಿಕೆ. ‘ನಿರಾಶ್ರಿತ’ದಲ್ಲಿ ಅದು ಕಾಣಿಸುವುದೇ ಇಲ್ಲ. ಭಾರತ ಆ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಇಂಥವರಿಗೆಂದೇ ಬೇರೆ ಕಾಯ್ದೆಯೂ ನಮ್ಮಲ್ಲಿಲ್ಲ. ಹಾಗಾಗಿ ಕಚೇರಿ ಕನ್ನಡಕ್ಕೂ ಈ ವ್ಯತ್ಯಾಸ ಬೇಕಾಗಲಿಲ್ಲವೋ ಏನೋ.

ಪಕ್ಕದ ಕಾಸರಗೋಡು ದಾಟಿದರೆ ಮಲಯಾಳದಲ್ಲಿ ‘ಅಭಯಾರ್ಥಿ’. ಭಯ ಬೇಡ ಎಂದು ಕೇಳಿ ಬಂದವನು. ಎಷ್ಟು ಚೆಂದ ಅಲ್ವಾ! ಹಿಂದಿಯ ‘ಶರಣಾರ್ಥಿ’ ಮಾತ್ರ ನಮಗೆ ಆಗಿಬರುವುದಿಲ್ಲ. ಘಟ್ಟದ ಮೇಲೆ ‘ಶರಣು ಶರಣಾರ್ಥಿ’ ಅಂದರೆ ನಮಸ್ಕಾರ. ಗೋಡೆಪತ್ರಿಕೆಯಲ್ಲಿ ‘ಐವರ ಮನೆಗೆ ಶರಣಾರ್ಥಿ’ ಅಂತ ಹಾಕಿದರೆ ಯಾರೋ ಸ್ವಾಮಿಗಳು ಬಂದರು ಅಂದುಕೊಂಡಾರು.

ಹಾಗಾದರೆ ‘ವಲಸಿಗ’? ಇಲ್ಲೊಂದು ತಮಾಷೆ ಇದೆ. ಇವತ್ತು ವಲಸೆ ಅಂದರೆ ಕೆಲಸ ಹುಡುಕಿ ಹೋಗುವುದು. ಮಲ್ಪೆ ಬಂದರಿನಲ್ಲಿ ಬೋಟಿಗೆ ಬರುವ ಒಡಿಶಾದ ಹುಡುಗರು ವಲಸೆ ಕಾರ್ಮಿಕರು. ಆದರೆ 1894ರಲ್ಲಿ ಇದೇ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು ತೆಗೆದು ನೋಡಿ. ವೈರಿ ದಂಡು ಬರುತ್ತದೆಂದು ಹೆದರಿ ಮನೆ ಬಿಟ್ಟು ಓಡುವುದಕ್ಕೆ ಅಲ್ಲಿ ‘ವಲಸೆ’ ಅಂತ ಇದೆ. ತೆಲುಗಿನ ‘ವಲಸ’, ತಮಿಳಿನ ‘ವಲಸೈ’ಗೂ ಇದೇ ಹಳೆಯ ಅರ್ಥ. ಅಂದರೆ ಬೇಕಾದ ಪದ ನಮ್ಮ ಹತ್ತಿರವೇ ಇತ್ತು, ಬೇರೆಯದಕ್ಕೆ ಬಳಸಿ ಸವೆಸಿಬಿಟ್ಟೆವು. ಈಗ ಅದನ್ನು ಹಿಂದಕ್ಕೆ ಕೇಳಿದರೆ ಯಾರಿಗೂ ತಿಳಿಯುವುದಿಲ್ಲ.

ಪದ ಯಾವುದಾದರೇನು ಅನ್ನುವವರಿಗೆ ಸುಳ್ಯದ ಒಂದು ಮಾತು ಹೇಳಬೇಕು. ಅಲ್ಲಿನ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಶ್ರೀಲಂಕಾದಿಂದ ಬಂದ ತಮಿಳರು ನೆಲೆಸಿದ್ದಾರಲ್ಲ, ಅವರನ್ನು ಪೇಪರಿನವರು, ನಾವೂ ಕೂಡ, ನಿರಾಶ್ರಿತರು ಅಂದುಬಿಡುತ್ತೇವೆ. ಒಮ್ಮೆ ಅಲ್ಲಿ ರಬ್ಬರ್ ಹಾಲಿನ ಬಕೆಟ್ ಹಿಡಿದು ಬರುತ್ತಿದ್ದ ಒಬ್ಬ ಹೆಂಗಸಿನ ಹತ್ತಿರ ನಾನೂ ಹಾಗೇ ಅಂದೆ. ಅವರು ಬಕೆಟ್ ಕೆಳಗಿಟ್ಟರು. "ಓಡಿ ಬಂದದ್ದಲ್ಲ ಸಾರ್, ಕಳಿಸಿದ್ದು. ಪಾಸ್‌ಪೋರ್ಟ್ ಹಿಡ್ಕೊಂಡು ಹಡಗಿನಲ್ಲಿ ಬಂದದ್ದು" ಅಂದರು. ನಿಜ. ಎರಡೂ ದೇಶಗಳ ಪ್ರಧಾನಿಗಳು ಮಾಡಿಕೊಂಡ 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದಲ್ಲಿ, ಅಲ್ಲಿದ್ದ ಭಾರತ ಮೂಲದವರ ಪೈಕಿ 5,25,000 ಮಂದಿಯನ್ನು ಭಾರತ ಕರೆಸಿಕೊಳ್ಳುವುದು, 3,00,000 ಮಂದಿಗೆ ಆ ದೇಶವೇ ಪೌರತ್ವ ಕೊಡುವುದು ಅಂತ ಲೆಕ್ಕ ಆಗಿತ್ತು. ತಮಿಳಿನಲ್ಲಿ ಇವರಿಗೆ ‘ತಾಯಗಂ ತಿರುಂಬಿಯೋರ್’, ತಾಯ್ನಾಡಿಗೆ ಮರಳಿದವರು, ಅನ್ನುತ್ತಾರೆ. ಆದರೆ ಆಕೆ ಹುಟ್ಟಿದ್ದು ಅಲ್ಲಿನ ಚಹಾ ತೋಟದಲ್ಲಿ, ಆಕೆಯ ತಂದೆಯೂ ಅಲ್ಲೇ. ಕಾಣದ ಊರಿಗೆ ಮರಳುವುದು ಹೇಗೆ? ಆ ಪದವೂ ಸುಳ್ಳೇ. ಕೊನೆಗೆ ನಾನು ‘ಶ್ರೀಲಂಕಾದಿಂದ ಬಂದವರು’ ಅಂತ ಬರೆಯುವುದು ರೂಢಿ ಮಾಡಿಕೊಂಡೆ. ಸಪ್ಪೆ, ಆದರೆ ತಪ್ಪಿಲ್ಲ.

ಇನ್ನು ಕೊನೆಯ ಗಂಟು. ಬಂದವರಿಗೆ ಮನೆ ಮಾಡಿಕೊಡುವುದು. ಅಕ್ಕನ ಮಗಳು ಬರೆದದ್ದರಲ್ಲಿ ನನಗೆ ಇಷ್ಟವಾದ ಭಾಗ ಇದೇ. ಆ ಕುಟುಂಬ ಬರುವ ಹಿಂದಿನ ರಾತ್ರಿ ಇವರೆಲ್ಲ ಕೂತು ನಲ್ಲಿಗಳಿಗೆ ‘ಬಿಸಿ’, ‘ತಣ್ಣಗೆ’ ಅಂತ ಅರಬ್ಬಿಯಲ್ಲಿ ಚೀಟಿ ಅಂಟಿಸಿದರಂತೆ. ಬರಹ ತಿರುಗಾಮುರುಗಾ ಆಗಿತ್ತು. ಬಂದ ಮನೆಯೊಡತಿ ಬಿಸಿನೀರಿಗೆ ಕೈ ಇಟ್ಟು, ನಕ್ಕು, ತಾನೇ ಚೀಟಿ ಕಿತ್ತು ಬದಲಿಸಿದಳಂತೆ. ಇದಕ್ಕೆ ‘ಪುನರ್ವಸತಿ’ ಅಂತ ಬರೆಯಲು ನನಗೆ ಕೈ ಬರಲಿಲ್ಲ. ಅದು ಅಣೆಕಟ್ಟೆಯಲ್ಲಿ ಮುಳುಗಿದ ಊರಿನ ಫೈಲಿನ ಮಾತು. ‘ಸ್ವಾಗತ’ ಕಮಾನಿನ ಮೇಲೆ ಇರುವಂಥದ್ದು. ‘ಬರಮಾಡಿಕೊಳ್ಳು’ ಒಳ್ಳೆಯದು, ಆದರೆ ಅದು ಬಾಗಿಲಿನವರೆಗೆ ಮಾತ್ರ. ಬೆಲ್ಲ ನೀರು ಕೊಟ್ಟ ಮೇಲೆ ಮುಂದೇನು?

ನನಗೆ ಹೊಳೆದದ್ದು ‘ಒಕ್ಕಲು’. ಹೊಸ ಮನೆಗೆ ಹೋಗುವುದು ನಮಗೆ ‘ಮನೆಒಕ್ಕಲು’, ತುಳುವಿನಲ್ಲಿ ‘ಇಲ್ಲ್ ಒಕ್ಕೆಲ್’. ‘ಒಕ್ಕಲೆಬ್ಬಿಸು’ ಎಲ್ಲರಿಗೂ ಗೊತ್ತು. ಅದರ ಎದುರು ಪದವಾಗಿ ‘ಒಕ್ಕಲು ಮಾಡಿಸು’ ಯಾಕಾಗಬಾರದು? "ಐವರು ಹೊಣೆ ಹೊತ್ತು ಒಂದು ಕುಟುಂಬವನ್ನು ಬರಮಾಡಿಕೊಂಡೆವು, ಒಕ್ಕಲು ಮಾಡಿಸಿದೆವು." ಬರೆದು ನಾನೇ ಬೀಗಿದೆ.

ತಾಯಿಗೆ ಓದಿ ಹೇಳಿದೆ. ಅವರಿಗೆ ಎಂಬತ್ತೈದು. "ಒಕ್ಕಲು ಅಂತ ಬರೀಬೇಡ" ಅಂದರು. ನನ್ನ ಅಜ್ಜ ಚಾಲಗೇಣಿ ಒಕ್ಕಲು. ಧಣಿ ಎದ್ದು ಹೋಗು ಅಂದ ದಿನ ಏಳಬೇಕು. 1974ರ ಭೂಸುಧಾರಣೆ ಬರುವ ತನಕ ಅದೇ ಹೆದರಿಕೆ. "ಒಕ್ಕಲು ಅಂದ್ರೆ ಮನೆ ಅಲ್ಲ, ಅವರ ಮನೆಯಲ್ಲಿ ನಾವು" ಅಂತ ಅಮ್ಮನ ವಾದ.

ಈಗ ಹೇಳಿ. ಉಡುಪಿ, ಕುಂದಾಪುರ ಕಡೆ ‘ಒಕ್ಕಲು’ ಕೇಳಿದರೆ ಮೊದಲು ನೆನಪಾಗುವುದು ಹೊಸ ಮನೆಯೋ, ಗೇಣಿಯೋ? ನಲವತ್ತಕ್ಕಿಂತ ಚಿಕ್ಕವರು, ದೊಡ್ಡವರು ಇಬ್ಬರೂ ಉತ್ತರಿಸಿದರೆ ಒಳ್ಳೆಯದು. ‘ಅಭಯಾರ್ಥಿ’ಯನ್ನು ಕನ್ನಡದಲ್ಲಿ ಯಾರಾದರೂ ಬಳಸಿದ್ದು ಕಂಡಿದ್ದರೆ ಅದನ್ನೂ ತಿಳಿಸಿ. ಗೋಡೆಪತ್ರಿಕೆ ಅಂಟಿಸುವುದು ಬರುವ ಭಾನುವಾರ. ಸದ್ಯಕ್ಕೆ ಆ ಎರಡು ಜಾಗ ಪೆನ್ಸಿಲಿನಲ್ಲಿದೆ.