ಅಣಕು ವಿಧಾನ ಪರಿಷತ್ತು ನಡೆಸಬೇಕು, ಮೂರು ತಾಸಿನಲ್ಲಿ ಕಲಾಪ ಹೊಂದಿಸುವುದು ಹೇಗೆ?

ಘಟಪ್ರಭೆ_ದಂಡೆ

ಎಲ್ಲರಿಗೂ ನಮಸ್ಕಾರ್ರೀ. ನಾನು ಬಾಗಲಕೋಟೆಯಲ್ಲಿ ಬಿಎ ಕೊನೆಯ ವರ್ಷ ಓದುತ್ತಿದ್ದೇನೆ. ಮುಂದಿನ ವಾರ ನಮ್ಮ ವಿಭಾಗದಿಂದ ಅಣಕು ಸದನ ಇದೆ. ಎಲ್ಲರೂ ವಿಧಾನಸಭೆಯನ್ನೇ ಮಾಡುತ್ತಾರೆ, ನಾವು ಪರಿಷತ್ತು ಮಾಡೋಣ ಅಂತ ಮೇಡಂ ಹೇಳಿದರು. ನಾವು ಮೂವತ್ತು ಜನ. ಆಡಳಿತ ಪಕ್ಷ 16, ವಿರೋಧ ಪಕ್ಷ 11, ಉಳಿದವರು 3. ನನ್ನ ಪಾಲಿಗೆ ಬಂದದ್ದು ಕಾರ್ಯದರ್ಶಿ ಕೆಲಸ. ಅಂದರೆ ಯಾವುದು ಯಾವಾಗ ಅಂತ ಪಟ್ಟಿ ಮಾಡುವುದು.

ಮೊನ್ನೆ ರಿಹರ್ಸಲ್ ಇತ್ತು, ಪೂರ್ತಿ ಕೆಟ್ಟಿತು. 10:30ಕ್ಕೆ ಪ್ರಶ್ನೋತ್ತರ ಶುರು ಮಾಡಿದೆವು, ಐದು ಪ್ರಶ್ನೆ ಇಟ್ಟಿದ್ದೆ. ಎರಡನೇ ಪ್ರಶ್ನೆ ಹಳ್ಳಿ ಬಸ್ಸಿನದು, ಅದೊಂದೇ ನಲವತ್ತು ನಿಮಿಷ ತಿಂದಿತು, ಯಾಕಂದ್ರೆ ಎಲ್ಲರ ಊರಿಗೂ ಬಸ್ಸಿನ ತ್ರಾಸ ಇದ್ದೇ ಇದೆ, ಒಬ್ಬರಾದ ಮೇಲೆ ಒಬ್ಬರು ಎದ್ದು ನಿಂತರು. ಶೂನ್ಯ ವೇಳೆಗೆ, ಅಂದರೆ ತುರ್ತು ವಿಷಯ ಎತ್ತುವ ಹೊತ್ತಿಗೆ, ಹನ್ನೊಂದು ಕೈ ಎದ್ದವು. ಮುಖ್ಯ ಚರ್ಚೆ ಆಲಮಟ್ಟಿ ಎತ್ತರದ್ದು, 519.6 ಮೀಟರಿನಿಂದ 524.256ಕ್ಕೆ ಏರಿಸುವ ವಿಷಯ. ಅದಕ್ಕೆ ಬರುವಾಗ 1:05. ವಿರೋಧ ಪಕ್ಷದ ನಾಯಕ ಇಪ್ಪತ್ತು ನಿಮಿಷ ಮಾತಾಡಿದ. ಅಷ್ಟರಲ್ಲಿ ಊಟದ ಗಂಟೆ. ಜಲಸಂಪನ್ಮೂಲ ಮಂತ್ರಿ ಆಗಿದ್ದ ಹುಡುಗ ವಾರವಿಡೀ ಕೂತು ನಾಲ್ಕು ಹಾಳೆ ಉತ್ತರ ಬರೆದುಕೊಂಡು ಬಂದಿದ್ದ. ಮಡಚಿ ಜೇಬಿಗೆ ಹಾಕಿಕೊಂಡು ಹೋದ. ಎರಡು ದಿನದಿಂದ ನನ್ನ ಜೊತೆ ಮಾತಾಡುತ್ತಿಲ್ಲ.

ನಿಜವಾದ ಸದನದಲ್ಲಿ ಇದನ್ನೆಲ್ಲ ಯಾರು ಹೊಂದಿಸುತ್ತಾರೆ? ಸಭಾಪತಿ ಒಬ್ಬರೇನಾ?

ಹಲಗಾ_ಬಸ್ತವಾಡ

ತಂಗಿ, ಸುವರ್ಣ ವಿಧಾನಸೌಧ 2012ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತಲ್ಲ, ಅಲ್ಲಿಂದ ಎಷ್ಟೋ ಚಳಿಗಾಲ ಪತ್ರಕರ್ತರ ಗ್ಯಾಲರಿಯಲ್ಲಿ ಕೂತವನು ನಾನು. ಒಂದು ಮಾತು ಹೇಳುತ್ತೇನೆ. ಸದನ ಶುರುವಾದ ಮೇಲೆ ಹೊಂದಿಸಲು ಹೋದರೆ ಆಗುವುದೇ ಇಲ್ಲ. ಸದನದ ಹೊರಗೇ ಮಾತು ಮುಗಿದಿರಬೇಕು.

ಅದಕ್ಕೇ ಕಲಾಪ ಸಲಹಾ ಸಮಿತಿ ಅಂತ ಇರುವುದು, ನಾವು ಬಿಎಸಿ ಅಂತೇವೆ. ಸಭಾಪತಿಯೇ ಅದರ ಅಧ್ಯಕ್ಷರು. ಸಭಾನಾಯಕರು, ವಿರೋಧ ಪಕ್ಷದ ನಾಯಕರು, ಸಚೇತಕರು (ಪಕ್ಷದ ಸದಸ್ಯರನ್ನು ಹಿಡಿತದಲ್ಲಿ ಇಡುವವರು) ಕೂತು, ಈ ವಿಷಯಕ್ಕೆ ಇಷ್ಟು ತಾಸು, ಈ ದಿನ ಅಂತ ಒಪ್ಪಿಕೊಳ್ಳುತ್ತಾರೆ. ಒಮ್ಮೆ ಒಪ್ಪಿದರೆ ಆಮೇಲೆ ಗದ್ದಲವಾದರೂ ಸಭಾಪತಿ "ನೀವೇ ಒಪ್ಪಿದ್ದಲ್ರೀ" ಅನ್ನಬಹುದು. ನಿಮ್ಮ ರಿಹರ್ಸಲ್‌ನಲ್ಲಿ ಇದೇ ಇರಲಿಲ್ಲ. ನೀನು ಒಬ್ಬಳೇ ಪಟ್ಟಿ ಬರೆದೆ, ಯಾರೂ ಒಪ್ಪಿರಲಿಲ್ಲ, ಹಂಗಾಗಿ ಯಾರೂ ಪಾಲಿಸಲಿಲ್ಲ. ಎರಡೂ ಕಡೆಯ ನಾಯಕರನ್ನು ಹಿಂದಿನ ದಿನ ಕ್ಯಾಂಟೀನಿನಲ್ಲಿ ಕೂರಿಸಿ ಒಂದು ಹಾಳೆಗೆ ಸಹಿ ಹಾಕಿಸು.

ಇನ್ನೊಂದು. ಪರಿಷತ್ತಿಗೆ ತನ್ನದೇ ಒಂದು ಕಷ್ಟ ಇದೆ. ವಿಧೇಯಕಗಳು ಹೆಚ್ಚಾಗಿ ವಿಧಾನಸಭೆಯಲ್ಲಿ ಪಾಸಾಗಿ ಬರಬೇಕು. ಧನ ವಿಧೇಯಕವಂತೂ ಅಲ್ಲೇ ಶುರುವಾಗಬೇಕು, ಇಲ್ಲಿ 14 ದಿನದೊಳಗೆ ಕಳಿಸದಿದ್ದರೆ ಪಾಸಾದ ಹಾಗೇ ಲೆಕ್ಕ. ಹಾಗಾಗಿ ಮೊದಲ ದಿನಗಳಲ್ಲಿ ಪರಿಷತ್ತಿನ ಮುಂದೆ ಪ್ರಶ್ನೆ, ಸೂಚನೆ, ಚರ್ಚೆಯೇ ಜಾಸ್ತಿ. ಕೊನೆಯ ಎರಡು ದಿನ ಕೆಳಮನೆಯಿಂದ ವಿಧೇಯಕಗಳು ಒಟ್ಟೊಟ್ಟಿಗೆ ಬಂದು ಬೀಳುತ್ತವೆ. ಬೆಳಗಾವಿ ಅಧಿವೇಶನ ಅಂದರೆ ಹತ್ತು ದಿನ, ಅದರಲ್ಲಿ ಉತ್ತರ ಕರ್ನಾಟಕದ ಚರ್ಚೆಯನ್ನು ಕೊನೆಗೆ ತಳ್ಳಬೇಡಿ ಅಂತ ಪ್ರತಿ ಸಲ ಕೂಗು ಏಳುವುದು ಇದಕ್ಕೇ. ಕೊನೆಗೆ ಇಟ್ಟ ಚರ್ಚೆ ವಿಧೇಯಕಗಳ ಕೆಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ನಿನ್ನ ಮಂತ್ರಿಯ ನಾಲ್ಕು ಹಾಳೆಗೆ ಆದದ್ದೂ ಅದೇ ಅಲ್ವಾ.

ಬಸ್ಸಿನ ಪ್ರಶ್ನೆ ಇದೆಯಲ್ಲ, ಅಂಥದ್ದಕ್ಕೆ ದಾರಿ ಬೇರೆ. ಚುಕ್ಕೆ ಗುರುತಿನ, ಅಂದರೆ ಸದನದಲ್ಲೇ ಉತ್ತರಿಸುವ, ಪ್ರಶ್ನೆಗೆ ಉತ್ತರ ಮೊದಲೇ ಲಿಖಿತವಾಗಿ ಕೈಗೆ ಬಂದಿರುತ್ತದೆ, ಸದನದಲ್ಲಿ ಉಪಪ್ರಶ್ನೆ ಮಾತ್ರ. ಎಲ್ಲರಿಗೂ ಮಾತಾಡಬೇಕು ಅನಿಸಿದರೆ ಸಭಾಪತಿ "ಇದನ್ನು ಬೇರೆ ರೂಪದಲ್ಲಿ ತನ್ನಿ, ಸಮಯ ಕೊಡುತ್ತೇನೆ" ಅನ್ನುತ್ತಾರೆ. ಪರಿಷತ್ತಿನಲ್ಲಿ ಗಮನ ಸೆಳೆಯುವ ಸೂಚನೆಗೆ ನಿಯಮ 72, ನಿಲುವಳಿಗೆ (ಕಲಾಪ ನಿಲ್ಲಿಸಿ ತುರ್ತು ವಿಷಯ ಚರ್ಚಿಸಲು) 59, ಮತ್ತೆ ವಿಷಯ ಎತ್ತುವ 330 ಅಂತೂ ದಿನವೂ ಕಿವಿಗೆ ಬೀಳುತ್ತದೆ. ನಿಮ್ಮ ಸಭಾಪತಿಗೆ ಈ ಮೂರು ನಂಬರ್ ಬಾಯಿಪಾಠ ಮಾಡಿಸು. ನಂಬರ್ ಹೇಳಿದರೆ ಅರ್ಧ ಜನ ಸುಮ್ನೆ ಕೂರುತ್ತಾರೆ, ಇದು ನಾನು ಕಂಡ ಸತ್ಯ.

ಗೋಳಗುಮ್ಮಟದ_ಮೇಷ್ಟ್ರು

ಪತ್ರಕರ್ತರು ಹೇಳಿದ್ದು ಸರಿ, ಆದರೆ ಹುಡುಗಿಗೆ ಬೇಕಾದದ್ದು ಲೆಕ್ಕ. ವಿಜಯಪುರದಲ್ಲಿ ನಾನೂ ಇಂಥ ಸದನ ನಡೆಸಿ ಕೈಸುಟ್ಟುಕೊಂಡಿದ್ದೇನೆ. ಹಿಂದಿನಿಂದ ಮುಂದಕ್ಕೆ ಎಣಿಸಬೇಕಮ್ಮಾ. ಎಲ್ಲರೂ 10:30ರಿಂದ ಎಣಿಸುತ್ತಾರೆ, ಅಲ್ಲೇ ತಪ್ಪುವುದು.

1:30ಕ್ಕೆ ಮುಗಿಯಬೇಕು. ಕೊನೆಯ ಹತ್ತು ನಿಮಿಷ ಖಾಲಿ ಬಿಡು, ಅಲ್ಲಿಗೆ 1:20. ಮಂತ್ರಿಯ ಉತ್ತರ ಹದಿನೈದು ನಿಮಿಷ, ಸ್ಪಷ್ಟನೆ ಐದು. ಹಾಗಾದರೆ ಮಂತ್ರಿ 1 ಗಂಟೆಗೆ ಎದ್ದು ನಿಲ್ಲಲೇಬೇಕು. ಆಕಾಶ ಕಳಚಿ ಬಿದ್ದರೂ. ಆ ಒಂದು ಗಂಟೆಯನ್ನು ಕೆಂಪು ಪೆನ್ನಿನಲ್ಲಿ ಬರೆ. ಅದಕ್ಕೂ ಮುಂಚೆ ಚರ್ಚೆಗೆ 55 ನಿಮಿಷ ಅಂದರೆ 12:05ಕ್ಕೆ ಶುರು. ಚರ್ಚೆ ಎತ್ತಿದವರಿಗೆ ಹತ್ತು ಕೊಟ್ಟರೆ ಉಳಿದದ್ದು 45. ಅದನ್ನು ಬಲಾಬಲದ ಮೇಲೆ ಹಂಚು. ಹದಿನಾರು ಜನರ ಪಕ್ಷಕ್ಕೆ 24 ನಿಮಿಷ, ಹನ್ನೊಂದು ಜನರದಕ್ಕೆ 16, ಮೂವರಿಗೆ 5. ಯಾರು ಮಾತಾಡಬೇಕು ಅನ್ನುವುದು ಪಕ್ಷದ ಸಚೇತಕನ ತಲೆನೋವು, ನಿನ್ನದಲ್ಲ. 24 ನಿಮಿಷದಲ್ಲಿ ಆರು ಜನರನ್ನು ನಿಲ್ಲಿಸುತ್ತಾನೋ, ಒಬ್ಬನೇ ತಿನ್ನುತ್ತಾನೋ ಅವನಿಗೆ ಬಿಟ್ಟದ್ದು.

ಬೆಳಗ್ಗೆ ಪ್ರಶ್ನೋತ್ತರ 35 ನಿಮಿಷ, ಶೂನ್ಯ ವೇಳೆ 20, ಒಂದು ಸಣ್ಣ ವಿಧೇಯಕ 25. ಅಷ್ಟಾದರೆ 11:50. ಅಲ್ಲಿಂದ 12:05ರ ತನಕ ಹದಿನೈದು ನಿಮಿಷ ಗದ್ದಲಕ್ಕೆ. ನಗಬೇಡ, ಗದ್ದಲಕ್ಕೂ ಸಮಯ ಇಡಬೇಕು. ಯಾರಾದರೂ ಕ್ರಿಯಾಲೋಪ (ನಿಯಮ ತಪ್ಪಿದೆ ಅನ್ನುವ ಆಕ್ಷೇಪ) ಎತ್ತುತ್ತಾರೆ, ಯಾರಾದರೂ ಬಾವಿಗೆ, ಅಂದರೆ ಸಭಾಪತಿ ಪೀಠದ ಮುಂದಿನ ಜಾಗಕ್ಕೆ, ಇಳಿಯುತ್ತಾರೆ. ನಿಮ್ಮ ಹಾಲ್‌ನಲ್ಲಿ ಬಾವಿ ಎಲ್ಲಿ ಅಂತ ಮಾತ್ರ ಮೊದಲೇ ತೋರಿಸು. ನಮ್ಮಲ್ಲಿ ಒಬ್ಬ ಪೋಡಿಯಂ ವೈರ್ ತುಳಿದು ಮೈಕೇ ಬಂದ್ ಮಾಡಿದ್ದ.

ಕೋರಂ, ಅಂದರೆ ಸದನ ನಡೆಯಲು ಬೇಕಾದ ಕನಿಷ್ಠ ಹಾಜರಾತಿ, ಮರೆಯಬೇಡ. 75 ಜನರ ಪರಿಷತ್ತಿಗೆ ಹತ್ತು ಜನ ಇರಲೇಬೇಕು, ಹತ್ತನೇ ಒಂದು ಭಾಗ ಅಥವಾ ಹತ್ತು, ಯಾವುದು ಜಾಸ್ತಿಯೋ ಅದು. ನಿಮ್ಮದು ಮೂವತ್ತಾದರೂ ಹತ್ತೇ ಇಡು. ಚಹಾ ಬಂದ ಹೊತ್ತಿಗೆ ಗೊತ್ತಾಗುತ್ತದೆ.

ಖಾನಾಪುರ_ಮಳೆ

ಮೇಷ್ಟ್ರೇ, ಲೆಕ್ಕ ಚೆನ್ನಾಗಿದೆ, ಆದರೆ ಶೂನ್ಯ ವೇಳೆಗೆ ಹನ್ನೊಂದು ಕೈ ಎದ್ದದ್ದಕ್ಕೆ ಉತ್ತರ ಸಿಗಲಿಲ್ಲ. ರಾಜ್ಯಸಭೆಯ ಪದ್ಧತಿ ಎತ್ತಿಕೊಳ್ಳಿ. ಅಲ್ಲಿ ಕೈ ಎತ್ತಿದರೆ ಆಗುವುದಿಲ್ಲ, ಮೊದಲೇ ನೋಟಿಸ್ ಕೊಟ್ಟಿರಬೇಕು, ಹೆಸರು ಪಟ್ಟಿಯಲ್ಲಿ ಬಂದವರಿಗೆ ಮೂರು ನಿಮಿಷ, ಮುಗಿದರೆ ಮೈಕ್ ಆಫ್. ಮೇಷ್ಟ್ರ 20 ನಿಮಿಷದಲ್ಲಿ ಆರು ಜನ ಕೂರುತ್ತಾರೆ. ಉಳಿದ ಐವರ ಚೀಟಿ ನಾಳೆಗೆ, ನಿಮಗೆ ನಾಳೆ ಇಲ್ಲ, ಹಾಗಾಗಿ ಚೀಟಿ ಎತ್ತಿಸಿ ಆರು ಆರಿಸಿ. ಚೀಟಿ ಎತ್ತುವುದು ಕೂಡ ಸದನದ್ದೇ ರೂಢಿ, ಅಲ್ಲಿ ದಿನದ 15 ಚುಕ್ಕೆ ಗುರುತಿನ ಪ್ರಶ್ನೆಗಳನ್ನೂ ಲಾಟರಿ ಹಾಗೆ ಎತ್ತಿಯೇ ಆರಿಸುವುದು.

ಇನ್ನೊಂದು ಯೋಚನೆ. 2014ರ ನವೆಂಬರ್‌ನಿಂದ ರಾಜ್ಯಸಭೆಯಲ್ಲಿ ಪ್ರಶ್ನೋತ್ತರ 11ರ ಬದಲು 12ಕ್ಕೆ ಶುರುವಾಗುತ್ತದೆ, ಶೂನ್ಯ ವೇಳೆ ಮುಂಚೆ. ಬೆಳಗ್ಗೆ ಬಂದ ಕೂಡಲೇ ಕೂಗಾಟ ಆಗಿ ಪ್ರಶ್ನೋತ್ತರವೇ ಕೊಚ್ಚಿ ಹೋಗುತ್ತಿತ್ತು. ನಿಮ್ಮಲ್ಲೂ ಕೂಗುವವರಿಗೆ ಮೊದಲು ಕೂಗಲು ಬಿಡಿ.

ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಇನ್ನೂ ಮಜಾ. ಅಲ್ಲಿ ಲಾರ್ಡ್ ಸ್ಪೀಕರ್ ಯಾರ ಹೆಸರನ್ನೂ ಕರೆಯುವುದಿಲ್ಲ, ಕೂರ್ರೀ ಅಂತ ಗದರಿಸುವ ಅಧಿಕಾರವೂ ಇಲ್ಲ, ಸದಸ್ಯರೇ ತಮ್ಮನ್ನು ತಾವು ಹಿಡಿತದಲ್ಲಿ ಇಟ್ಟುಕೊಳ್ಳಬೇಕು. ಚರ್ಚೆಗೆ ಹೆಸರು ಕೊಟ್ಟವರ ಪಟ್ಟಿ ಮೊದಲೇ ಅಚ್ಚಾಗಿ ಬರುತ್ತದೆ, ಅದೇ ಸಾಲಿನಲ್ಲಿ ಏಳುತ್ತಾರೆ. ನಿಮ್ಮ ಕಾಲೇಜಿನಲ್ಲಿ ಮಾತ್ರ ಇದನ್ನು ಪ್ರಯೋಗಿಸಬೇಡಿ.

ಘಟಪ್ರಭೆ_ದಂಡೆ

ಅಣ್ಣಾ, ಮೇಷ್ಟ್ರೇ, ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಎರಡೂ ನಾಯಕರನ್ನು ಕೂರಿಸಿ ಸಹಿ ಮಾಡಿಸಿದೆ. ವಿರೋಧ ಪಕ್ಷದವನು 16 ನಿಮಿಷಕ್ಕೆ ಒಪ್ಪಲಿಲ್ಲ, 18 ಬೇಕಂತೆ. ಗದ್ದಲದ ಹದಿನೈದರಲ್ಲಿ ಎರಡು ಕಿತ್ತು ಕೊಟ್ಟೆ, ಸರಿ ತಾನೇ? 1 ಗಂಟೆಗೆ ಕೆಂಪು ಗೆರೆ ಎಳೆದು ಮಂತ್ರಿಗೆ ಫೋಟೋ ಕಳಿಸಿದೆ. ನೋಡಿದ್ದಾನೆ, ಉತ್ತರ ಇಲ್ಲ.

ಗೋಳಗುಮ್ಮಟದ_ಮೇಷ್ಟ್ರು

ಎರಡು ಕೊಟ್ಟದ್ದು ಸರಿಯೇ, ಈಗ ಗದ್ದಲ ಮಾಡುವವನೂ ಅವನೇ, ಸಮಯ ಕಳೆದುಕೊಳ್ಳುವವನೂ ಅವನೇ. ಚರ್ಚೆ ಮಾತ್ರ 12:03ಕ್ಕೆ ಶುರುವಾಗಲಿ, ಪಟ್ಟಿ ತಿದ್ದು. ಮತ್ತೆ ಆ ಊಟದ ಗಂಟೆ ಹೊಡೆಯುವವನಿಗೆ ಒಂದು ಮಾತು ಹೇಳಿಡು.