ಹಳೆಯ ಇಟಾಲಿಯನ್ ಸ್ಯಾಕ್ಸೋಫೋನ್: ಈ ಎರಡು ಆಲ್ಟೊಗಳಲ್ಲಿ ಯಾವುದನ್ನು ಕೊಳ್ಳುವುದು?

ಕಡಲತಡಿ:

ಎಲ್ಲರಿಗೂ ನಮಸ್ಕಾರ. ನಾನು ಉದ್ಯೋಗನಿಮಿತ್ತ ಮಿಲಾನ್ ನಗರದಲ್ಲಿದ್ದೇನೆ. ಊರಿನಲ್ಲಿ, ಬಂಟ್ವಾಳ ತಾಲ್ಲೂಕಿನಲ್ಲಿ, ನನ್ನ ತಮ್ಮ ದೇವಸ್ಥಾನದ ಉತ್ಸವಗಳಲ್ಲಿಯೂ ಮದುವೆಗಳಲ್ಲಿಯೂ ಸ್ಯಾಕ್ಸೋಫೋನ್ ನುಡಿಸುತ್ತಾನೆ. ಅವನ ಆಲ್ಟೊ, ಅಂದರೆ ಮಧ್ಯಮ ಗಾತ್ರದ, ಸ್ಯಾಕ್ಸೋಫೋನ್ ಬಹಳ ಸವೆದಿರುವುದರಿಂದ, ಇಲ್ಲಿಂದ ಒಂದು ಒಳ್ಳೆಯ ಹಳೆಯ ವಾದ್ಯವನ್ನು ಕೊಂಡೊಯ್ಯಬೇಕೆಂಬ ಆಸೆ ನನಗಿದೆ.

ನಾವಿಲ್ಯೊ ಗ್ರಾಂದೆ ಕಾಲುವೆಯ ಪಕ್ಕದಲ್ಲಿ ನಡೆಯುವ ಹಳೆವಸ್ತುಗಳ ಸಂತೆಯಲ್ಲಿ ಎರಡು ಆಲ್ಟೊಗಳು ಕಣ್ಣಿಗೆ ಬಿದ್ದವು. ಮೊದಲನೆಯದಕ್ಕೆ ಬೆಳ್ಳಿಯ ಲೇಪವಿದ್ದು, ಅದರ ಬೆಲ್ (ಕೆಳತುದಿಯ ಅಗಲವಾದ ಬಾಯಿ) ಮೇಲೆ "ರಂಪೋನೆ ಎ ಕತ್ಸಾನಿ" ಎಂದು ಹೂಬಳ್ಳಿಯ ನಡುವೆ ಕೆತ್ತಲಾಗಿದೆ. ಅತಿ ಕೆಳಗಿನ ಸ್ವರಗಳ ಕೀಗಳು ಬೆಲ್‌ನ ಎಡಬದಿಯಲ್ಲಿವೆ. ಎರಡನೆಯದು ಲ್ಯಾಕರ್ ಎಂಬ ಮೆರುಗೆಣ್ಣೆ ಬಳಿದ ಹಿತ್ತಾಳೆಯ ವಾದ್ಯ. ಅದರ ಮೇಲೆ ನಾನು ಎಂದೂ ಕೇಳದ ಒಂದು ಹೆಸರೂ ಇಂಗ್ಲಿಷಿನಲ್ಲಿ "ಮೇಡ್ ಇನ್ ಇಟಲಿ" ಎಂಬ ಮುದ್ರೆಯೂ ಇವೆ. ಆ ಕೀಗಳು ಇದರಲ್ಲಿ ಬಲಬದಿಯಲ್ಲಿವೆ. ಬೆಲೆಯಲ್ಲಿ ಮೊದಲನೆಯದು ಎರಡನೆಯದರ ಮೂರು ಪಟ್ಟು. ವ್ಯಾಪಾರಿಯು "ರಂಪೋನೆ ಎಂದರೆ ಇಂದಿಗೂ ಕೈಯಿಂದಲೇ ತಯಾರಿಸುವವರು, ಹೆಸರಿಗೇ ಬೆಲೆ" ಎಂದರು. ಇವುಗಳ ಕಾಲವನ್ನು ಹೇಗೆ ಗುರುತಿಸುವುದು? ಹೆಸರನ್ನು ನಂಬಿ ಅಷ್ಟು ಹಣ ಕೊಡಬಹುದೇ? ತಿಳಿದವರು ದಯವಿಟ್ಟು ವಿವರವಾಗಿ ಹೇಳಬೇಕು.

ಹಳೆವಾದ್ಯ:

ಕಡಲತಡಿ ಅವರೇ, ನಿಮ್ಮ ವ್ಯಾಪಾರಿ ಹೇಳಿದ್ದರಲ್ಲಿ ಸುಳ್ಳಿಲ್ಲ, ಆದರೆ ಆ ಮಾತಿನಿಂದ ನಿಮ್ಮ ಮುಂದಿರುವ ವಾದ್ಯದ ಬೆಲೆ ನಿರ್ಧಾರವಾಗುವುದಿಲ್ಲ. ಪಿಯೆಮೊಂತೆ ಪ್ರಾಂತದಲ್ಲಿ, ಓರ್ತಾ ಸರೋವರದ ಮೇಲ್ಭಾಗದ ಬೆಟ್ಟದಲ್ಲಿ, ಕ್ವಾರ್ನಾ ಸೋತ್ತೊ ಎಂಬ ಪುಟ್ಟ ಹಳ್ಳಿಯಿದೆ. ಕೊಳಲು, ಕ್ಲಾರಿನೆಟ್, ಸ್ಯಾಕ್ಸೋಫೋನ್ ಮುಂತಾದ ಊದುವಾದ್ಯಗಳನ್ನು ಮಾಡುವುದೇ ತಲೆಮಾರುಗಳಿಂದ ಆ ಊರಿನ ಕಸುಬು, ಅದಕ್ಕೆಂದೇ ಅಲ್ಲಿ ಒಂದು ವಸ್ತುಸಂಗ್ರಹಾಲಯವೂ ಇದೆ. 1847ರಿಂದ ತನ್ನ ಇತಿಹಾಸವನ್ನು ಎಣಿಸುವ ರಂಪೋನೆ ಸಂಸ್ಥೆ ಇಂದಿಗೂ ಅಲ್ಲಿಯೇ ಕೆಲಸ ಮಾಡುತ್ತಿದೆ. ಆದರೆ ಅವರ ಇಂದಿನ ಆರ್-1 ಜಾಝ್ ಮಾದರಿಗೂ ನೀವು ನೋಡಿದ ಹಳೆಯ ಆಲ್ಟೊಗೂ ಹೆಸರೊಂದನ್ನು ಬಿಟ್ಟರೆ ಹೆಚ್ಚಿನ ಸಂಬಂಧವಿಲ್ಲ. ಹೊಸದರ ಕೀರ್ತಿಯನ್ನು ಹಳೆಯದರ ಬೆಲೆಗೆ ಸೇರಿಸಿ ಮಾರುವುದು ಈ ಸಂತೆಗಳಲ್ಲಿ ಸಾಮಾನ್ಯ.

ಇಟಲಿಯಲ್ಲಿ ಇಷ್ಟೊಂದು ಹಳೆಯ ಸ್ಯಾಕ್ಸೋಫೋನ್‌ಗಳು ಸಿಗುವುದಕ್ಕೆ ಕಾರಣ ಜಾಝ್ ಅಲ್ಲ, ಊರೂರಿನ ಬ್ಯಾಂಡ್‌ಗಳು. ರೋಮ್ ನಗರದ ಬ್ಯಾಂಡಿನ ನಿರ್ದೇಶಕರಾಗಿದ್ದ ಅಲೆಸ್ಸಾಂದ್ರೊ ವೆಸ್ಸೆಲ್ಲಾ (1860–1929) ಅವರು ಬ್ಯಾಂಡಿನ ವಾದ್ಯವ್ಯವಸ್ಥೆಯನ್ನು ತಿದ್ದಿ ರೂಪಿಸಿದಾಗ ಸ್ಯಾಕ್ಸೋಫೋನ್ ಕುಟುಂಬಕ್ಕೂ ಅದರಲ್ಲಿ ಸ್ಥಾನ ದೊರೆಯಿತು. ಆ ಬೇಡಿಕೆಯನ್ನು ಪೂರೈಸಿದವರಲ್ಲಿ ರಂಪೋನೆ ಒಬ್ಬರೇ ಇರಲಿಲ್ಲ. 1836ರಷ್ಟು ಹಿಂದಿನ ಮೂಲವುಳ್ಳ ಮಿಲಾನ್‌ನ ಓರ್ಸಿ, 1872ರಲ್ಲಿ ಮಾಚೆರಾತಾದಲ್ಲಿ ಆರಂಭವಾದ ಬೋರ್ಗಾನಿ, ಅನಂತರ ಬಂದ ಗ್ರಾಸ್ಸಿ ಹೀಗೆ ಹಲವರಿದ್ದರು. ಇವರ ಪೈಕಿ ಕೆಲವರು ತಾವು ತಯಾರಿಸಿದ ವಾದ್ಯದ ಮೇಲೆ ಕೊಳ್ಳುವ ಅಂಗಡಿಯವರ ಹೆಸರನ್ನೇ ಕೆತ್ತಿ ಕೊಡುತ್ತಿದ್ದರು. ಆದ್ದರಿಂದ ನಿಮ್ಮ ಎರಡನೆಯ ವಾದ್ಯದ ಮೇಲಿರುವ ಅಪರಿಚಿತ ಹೆಸರು ತಯಾರಕರದ್ದಾಗಿರದೆ ಮಾರಾಟಗಾರರದ್ದಾಗಿರುವ ಸಾಧ್ಯತೆಯೇ ಹೆಚ್ಚು. ಇಂಗ್ಲಿಷ್ ಮುದ್ರೆ ಇರುವುದರಿಂದ ಅದು ಹೊರದೇಶಕ್ಕೆ ಹೋಗಲು ತಯಾರಾದದ್ದೆಂದು ಊಹಿಸಬಹುದು.

ಕಾಲವನ್ನು ಹೇಳುವುದು ಕೆತ್ತನೆಗಿಂತ ಯಂತ್ರರಚನೆ. ಹೆಬ್ಬೆರಳಿನ ಬಳಿ ಎರಡು ಪ್ರತ್ಯೇಕ ಆಕ್ಟೇವ್ ಕೀಗಳಿದ್ದರೆ (ಸ್ವರವನ್ನು ಒಂದು ಸ್ಥಾಯಿ ಮೇಲಕ್ಕೆ ಒಯ್ಯುವ ಕೀಗಳು) ಅದು ಬಹಳ ಹಳೆಯ ವಿನ್ಯಾಸ. ಒಂದೇ ಕೀ ಎರಡೂ ರಂಧ್ರಗಳನ್ನು ತಾನಾಗಿಯೇ ಬದಲಿಸುತ್ತಿದ್ದರೆ ಅನಂತರದ್ದು. ಅತಿ ಕೆಳಗಿನ ಸ್ವರ ಬಿ-ಗೆ ನಿಂತಿದೆಯೇ, ಬಿ-ಫ್ಲ್ಯಾಟ್‌ವರೆಗೆ ಇಳಿಯುತ್ತದೆಯೇ ಎಂದು ನೋಡಿ (ಬಿ, ಎಫ್ ಮುಂತಾದವು ಪಾಶ್ಚಾತ್ಯ ಸ್ವರಗಳ ಹೆಸರು; ಫ್ಲ್ಯಾಟ್ ಎಂದರೆ ಅರ್ಧಸ್ವರ ಕೆಳಗೆ, ಶಾರ್ಪ್ ಎಂದರೆ ಅರ್ಧಸ್ವರ ಮೇಲೆ). ಎಡಗೈ ತೋರುಬೆರಳಿನ ಮೇಲೆ ಮುಂಭಾಗದ ಎಫ್ ಕೀ ಇದೆಯೇ, ಬಲಗೈ ಬದಿಯಲ್ಲಿ ಮೇಲಿನ ಎಫ್-ಶಾರ್ಪ್ ಕೀ ಇದೆಯೇ ಎಂಬುದೂ ಮುಖ್ಯ. ಎಫ್-ಶಾರ್ಪ್ ಕೀ ಇದ್ದರೆ ವಾದ್ಯ ಸಾಕಷ್ಟು ಇತ್ತೀಚಿನದು. ಬೆಲ್‌ನ ಕೀಗಳನ್ನು ಬಲಬದಿಗೆ ತಂದು ಎಡಗೈಯ ಕಿರುಬೆರಳಿನ ಶ್ರಮವನ್ನು ತಗ್ಗಿಸಿದ ವಿನ್ಯಾಸ 1936ರಲ್ಲಿ ಪ್ಯಾರಿಸ್‌ನ ಸೆಲ್ಮರ್ ಕಂಪನಿಯ ಬ್ಯಾಲೆನ್ಸ್‌ಡ್ ಆ್ಯಕ್ಷನ್ ಮಾದರಿಯಿಂದ ಹರಡಿತು. ಉಳಿದ ತಯಾರಕರು ನಿಧಾನವಾಗಿ ಅದನ್ನು ಅನುಸರಿಸಿದರು. ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ಬೆಳ್ಳಿಯದು ಎರಡನೆಯ ಮಹಾಯುದ್ಧಕ್ಕಿಂತ ಹಿಂದಿನ ವಿನ್ಯಾಸದ್ದು, ಲ್ಯಾಕರಿನದು ಯುದ್ಧಾನಂತರದ್ದು ಎನ್ನಬಹುದು. ಇದಕ್ಕಿಂತ ನಿಖರವಾದ ಇಸವಿಯನ್ನು ಯಾರಾದರೂ ಸರಣಿಸಂಖ್ಯೆ ನೋಡಿಯೇ ಹೇಳಿದರೆ ಎಚ್ಚರದಿಂದಿರಿ, ಏಕೆಂದರೆ ಸೆಲ್ಮರ್ ಮತ್ತು ಕಾನ್ ಕಂಪನಿಗಳಿಗೆ ಇರುವಷ್ಟು ಪೂರ್ಣವಾದ ಪಟ್ಟಿ ಇಟಲಿಯ ಈ ತಯಾರಕರಿಗೆ ಇಲ್ಲ.

ರಿಪೇರಿಮೇಜು:

ಹಳೆವಾದ್ಯ ಅವರು ಕಾಲದ ಮಾತನ್ನು ಚೆನ್ನಾಗಿ ಹೇಳಿದ್ದಾರೆ. ವಾದ್ಯಗಳನ್ನು ಬಿಚ್ಚಿ ಜೋಡಿಸುವ ಕೆಲಸದಲ್ಲಿರುವವನಾಗಿ ನಾನು ಸ್ಥಿತಿಯ ಬಗ್ಗೆ ಬರೆಯುತ್ತೇನೆ, ಏಕೆಂದರೆ ಬೆಲೆಯ ಬಹುಪಾಲು ಅಡಗಿರುವುದು ಅಲ್ಲಿಯೇ.

ಮೊದಲು ಕತ್ತನ್ನು, ಅಂದರೆ ಮೌತ್‌ಪೀಸ್ ಕೂರುವ ಬಾಗಿದ ಕೊಳವೆಯನ್ನು, ಕೈಗೆ ತೆಗೆದುಕೊಳ್ಳಿ. ಜೋಡಿಸುವಾಗ ಕೆಳಕ್ಕೆ ಒತ್ತಿ ಒತ್ತಿ ಅದು ಬಾಗಿದ್ದರೆ ಒಳತಿರುವಿನಲ್ಲಿ ಸಣ್ಣ ಸುಕ್ಕುಗಳು ಕಾಣುತ್ತವೆ, ಕೊಳವೆ ಗುಂಡಗಿರದೆ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಕತ್ತಿನ ಮೇಲೆ ಸಂಖ್ಯೆಯಿದ್ದರೆ ಅದು ಮೈಮೇಲಿನ ಸಂಖ್ಯೆಗೆ ಹೊಂದುತ್ತದೆಯೇ ನೋಡಿ, ಬೇರೆ ವಾದ್ಯದ ಕತ್ತನ್ನು ಹಾಕಿದ್ದರೆ ಶ್ರುತಿ ಎಂದಿಗೂ ನೆಟ್ಟಗಾಗದು. ಆಮೇಲೆ ವಾದ್ಯವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಉದ್ದಕ್ಕೆ ನೋಡಿ. ಕೀಗಳ ಸಲಾಕೆಗಳು ನೇರವಾಗಿರದೆ ಎಲ್ಲಿಯಾದರೂ ಬಿಗಿದು ನಿಂತಿದ್ದರೆ ವಾದ್ಯ ಎಂದೋ ಕೆಳಗೆ ಬಿದ್ದು ಮೈ ಬಾಗಿದೆ ಎಂದರ್ಥ. ಬೆಲ್‌ನ ಅಂಚಿನ ಸಣ್ಣ ತಗ್ಗುಗಳು ನೋಟಕ್ಕೆ ಕೆಟ್ಟದ್ದೇ ಹೊರತು ನಾದಕ್ಕೆ ಅಷ್ಟೇನೂ ಹಾನಿಯಲ್ಲ. ಸ್ವರರಂಧ್ರದ ಅಂಚು ಏರುತಗ್ಗಾಗಿದ್ದರೆ ಮಾತ್ರ ಅದು ದೊಡ್ಡ ಕೆಲಸ.

ಬೆಳ್ಳಿಯ ವಾದ್ಯದ ಕೆತ್ತನೆಯ ಗೆರೆಗಳನ್ನು ಉಗುರಿನಿಂದ ಸವರಿ ನೋಡಿ. ಗೆರೆಗಳು ಉಗುರಿಗೆ ತಗುಲುವಷ್ಟು ಚೂಪಾಗಿದ್ದರೆ ಒಳ್ಳೆಯದು. ಮಾಸಿ ನುಣುಪಾಗಿದ್ದರೆ ಯಂತ್ರಕ್ಕೆ ಕೊಟ್ಟು ಉಜ್ಜಿ ಹೊಳಪು ತಂದಿದ್ದಾರೆ, ಜೊತೆಗೆ ಲೋಹದ ಒಂದಿಷ್ಟು ದಪ್ಪವನ್ನೂ ಕಳೆದಿದ್ದಾರೆ. ಬರೀ ಹಿತ್ತಾಳೆ ಕಾಣುವ ಕಡೆಗಳಲ್ಲಿ ತಾಮ್ರದಂಥ ನಸುಗೆಂಪು ಚುಕ್ಕೆಗಳಿದ್ದರೆ ಅಲ್ಲಿ ಮಿಶ್ರಲೋಹದ ಸತು ಹೊರಟುಹೋಗುತ್ತಿದೆ. ಕತ್ತಿನ ಮೇಲೆ ಅಂಥ ಚುಕ್ಕೆಗಳು ಬಹಳವಾಗಿದ್ದರೆ ಆ ವಾದ್ಯವನ್ನು ಬಿಟ್ಟುಬಿಡುವುದೇ ಲೇಸು.

ಪ್ಯಾಡ್‌ಗಳ, ಅಂದರೆ ಕೀಗಳ ಕೆಳಗಿದ್ದು ರಂಧ್ರಗಳನ್ನು ಮುಚ್ಚುವ ಮೆತ್ತೆಗಳ, ವಿಷಯದಲ್ಲಿ ನಿಮ್ಮ ಮನಸ್ಸನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿ. ಸಂತೆಯಲ್ಲಿ ಸಿಗುವ ಹಳೆಯ ಸ್ಯಾಕ್ಸೋಫೋನ್‌ನ ಚರ್ಮದ ಪ್ಯಾಡ್‌ಗಳು ಸಾಮಾನ್ಯವಾಗಿ ಒಣಗಿ ಗಟ್ಟಿಯಾಗಿರುತ್ತವೆ. ಎಲ್ಲವನ್ನೂ ಬದಲಿಸಿ, ಕಾರ್ಕು ಫೆಲ್ಟುಗಳನ್ನು ಹೊಸದಾಗಿ ಹಾಕಿ, ಸ್ಪ್ರಿಂಗುಗಳನ್ನು ಹದಗೊಳಿಸುವ ಖರ್ಚು ಎಷ್ಟೋ ಸಲ ಕಲಿಕೆಯ ಹೊಸ ವಾದ್ಯವೊಂದರ ಬೆಲೆಗೆ ಸಮನಾಗುತ್ತದೆ. ವ್ಯಾಪಾರಿ ಒಪ್ಪಿದರೆ ಕೆಳಗಿನ ಬಿ-ಫ್ಲ್ಯಾಟ್ ಸ್ವರವನ್ನು ಮೆಲ್ಲನೆ ಊದಿಸಿ. ಬೆರಳನ್ನು ಬಿಗಿಯಾಗಿ ಒತ್ತದೆ ಅದು ಸಲೀಸಾಗಿ ಬಂದರೆ ಗಾಳಿ ಸೋರುತ್ತಿಲ್ಲ, ಗುಳುಗುಳು ಎಂದು ಒಡೆದರೆ ಎಲ್ಲೋ ಸೋರುತ್ತಿದೆ. ತೆಳುವಾದ ಎಲ್‌ಇಡಿ ದಾರವೊಂದನ್ನು ಕೊಳವೆಯೊಳಗೆ ಇಳಿಬಿಟ್ಟು ನೆರಳಿನಲ್ಲಿ ಕೀಗಳನ್ನು ಮುಚ್ಚಿದರೆ, ಸೋರುವ ಜಾಗದಲ್ಲಿ ಬೆಳಕಿನ ಗೆರೆ ಕಾಣಿಸುತ್ತದೆ.

ಕಡಲತಡಿ:

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ತೆಗೆದಿದ್ದ ಚಿತ್ರಗಳನ್ನು ಮತ್ತೆ ನೋಡಿದೆ. ಬೆಳ್ಳಿಯದರಲ್ಲಿ ಮುಂಭಾಗದ ಎಫ್ ಕೀ ಇಲ್ಲ. ಕೆತ್ತನೆ ಸ್ಪಷ್ಟವಾಗಿದೆ, ಆದರೆ ಕತ್ತಿನ ಒಳತಿರುವಿನಲ್ಲಿ ಎರಡು ಸುಕ್ಕುಗಳು ಕಾಣುತ್ತಿವೆ. ಲ್ಯಾಕರಿನದರಲ್ಲಿ ಮುಂಭಾಗದ ಎಫ್ ಇದೆ, ಮೇಲಿನ ಎಫ್-ಶಾರ್ಪ್ ಇಲ್ಲ, ಬೆಲ್ ಅಂಚಿನಲ್ಲಿ ಒಂದು ತಗ್ಗಿದೆ. ತಮ್ಮ ಹೆಚ್ಚಾಗಿ ತವಿಲ್‌ನೊಂದಿಗೆ, ಇನ್ನೊಬ್ಬ ಸ್ಯಾಕ್ಸೋಫೋನ್ ವಾದಕರ ಜೋಡಿಯಲ್ಲಿ ನುಡಿಸುತ್ತಾನೆ. ಹಳೆಯ ವಾದ್ಯದ ಶ್ರುತಿ ಇದಕ್ಕೆ ಹೊಂದುವುದೇ ಎಂಬುದೇ ಈಗ ಉಳಿದಿರುವ ಸಂದೇಹ.

ನಾದಸಾಧನೆ:

ಸಹೋದರರೇ, ನಿಮ್ಮ ಕೊನೆಯ ಸಾಲಿನಲ್ಲಿಯೇ ಉತ್ತರದ ಬೀಜವಿದೆ. ಇಟಲಿಯ ಯುದ್ಧಸಚಿವಾಲಯ 1884ರಲ್ಲಿ ಸೇನಾ ಬ್ಯಾಂಡ್‌ಗಳಿಗೆ, ವಾದ್ಯಗಳ ಶ್ರುತಿಗೆ ಅಳತೆಗೋಲಾದ ಎ ಸ್ವರವನ್ನು 432 ಹರ್ಟ್ಝ್‌ಗೆ ನಿಗದಿ ಮಾಡಿತ್ತು. ಮರುವರ್ಷ ವಿಯೆನ್ನಾ ಸಮ್ಮೇಳನ 435ನ್ನು ಒಪ್ಪಿತು. ಇಂದಿನ 440ಕ್ಕೆ ಅಂತರರಾಷ್ಟ್ರೀಯ ಒಪ್ಪಿಗೆ ದೊರೆತದ್ದು 1939ರ ಲಂಡನ್ ಸಮ್ಮೇಳನದಲ್ಲಿ. ಹೀಗಾಗಿ ಯುದ್ಧಪೂರ್ವದ ವಾದ್ಯ 435ಕ್ಕೆ ತಯಾರಾಗಿರಬಹುದು. 435ಕ್ಕೂ 440ಕ್ಕೂ ಸುಮಾರು 20 ಸೆಂಟ್‌ಗಳ ಅಂತರ, ಅಂದರೆ ಅರ್ಧಸ್ವರದ ಐದನೆಯ ಒಂದು ಭಾಗ.

ಕರ್ನಾಟಕ ಸಂಗೀತದ ತನಿಕಚೇರಿಗೆ ಇದು ತೊಡಕಾಗಲಾರದು, ಏಕೆಂದರೆ ಪಿಟೀಲೂ ಶ್ರುತಿಪೆಟ್ಟಿಗೆಯೂ ಮುಖ್ಯ ವಾದ್ಯದ ಶ್ರುತಿಗೆ ಹೊಂದಿಕೊಳ್ಳುತ್ತವೆ. ಆದರೆ ಜೋಡಿವಾದನದಲ್ಲಿ ಎರಡನೆಯ ಸ್ಯಾಕ್ಸೋಫೋನ್ 440ಕ್ಕೆ ತಯಾರಾಗಿದ್ದರೆ ಹೊಂದಾಣಿಕೆಯ ಭಾರವೆಲ್ಲ ಮೌತ್‌ಪೀಸ್ ಮೇಲೆ ಬೀಳುತ್ತದೆ. ಅದನ್ನು ಒಳಕ್ಕೆ ತಳ್ಳಿದಾಗ ಎಲ್ಲ ಸ್ವರಗಳೂ ಒಂದೇ ಪ್ರಮಾಣದಲ್ಲಿ ಏರುವುದಿಲ್ಲ. ಗಾಳಿಯ ದಾರಿ ಚಿಕ್ಕದಾಗಿರುವ ಮೇಲಿನ ಸ್ವರಗಳು ಹೆಚ್ಚು ಏರುತ್ತವೆ, ಉದ್ದವಾಗಿರುವ ಕೆಳಗಿನವು ಕಡಿಮೆ. ಆಗ ಷಡ್ಜ ಸೇರಿದರೂ ಪಂಚಮವೋ ತಾರಷಡ್ಜವೋ ತಪ್ಪುತ್ತದೆ, ಉತ್ಸವದ ಉದ್ದಕ್ಕೂ ವಾದಕ ತುಟಿಯಿಂದಲೇ ಅದನ್ನು ತಿದ್ದುತ್ತಿರಬೇಕಾಗುತ್ತದೆ.

ಕದ್ರಿ ಗೋಪಾಲನಾಥರು (1949–2019) ಈ ವಾದ್ಯದಲ್ಲಿ ಗಮಕವನ್ನು ಸಾಧಿಸಿ ತೋರಿಸಿದ ಮೇಲೆ ನಮ್ಮ ಕರಾವಳಿಯ ಉತ್ಸವಗಳಲ್ಲಿ ಸ್ಯಾಕ್ಸೋಫೋನ್ ನಾಗಸ್ವರದ ಪಕ್ಕದಲ್ಲಿ ನಿಂತಿತು. ಜಾರು, ಕಂಪಿತಗಳಿಗಾಗಿ ಬೆರಳು ಕೀಯನ್ನು ಪೂರ್ತಿ ಎತ್ತದೆ ನಿಧಾನವಾಗಿ ಬಿಡಬೇಕಾಗುತ್ತದೆ. ಆದ್ದರಿಂದ ನಮಗೆ ಕೀಗಳ ಸ್ಪರ್ಶ ಬ್ಯಾಂಡಿನವರಿಗಿಂತ ಹೆಚ್ಚು ಮುಖ್ಯ. ಸ್ಪ್ರಿಂಗ್ ಬಿರುಸಾಗಿದ್ದರೆ, ಸಲಾಕೆ ಸಡಿಲವಾಗಿ ಕೀ ಪಕ್ಕಕ್ಕೆ ಅಲುಗುತ್ತಿದ್ದರೆ, ಆ ಸೂಕ್ಷ್ಮ ಕೈಗೆ ಬರುವುದಿಲ್ಲ. ಪ್ರತಿ ಕೀಯನ್ನೂ ಎರಡು ಬೆರಳಿನಲ್ಲಿ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿ ನೋಡಿ.

ಮತ್ತೊಂದು ಮಾತು. ಹಳೆಯ ಆಲ್ಟೊವನ್ನು ಒಳಗೆ ಇಕ್ಕಟ್ಟಾಗಿರುವ ಇಂದಿನ ಮೌತ್‌ಪೀಸ್‌ನಿಂದ ಪರೀಕ್ಷಿಸಿ ಶ್ರುತಿ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ. ಒಳಗೋಣೆ ಅಗಲವಾಗಿ ದುಂಡಗಿರುವ ಮೌತ್‌ಪೀಸ್ ಹಾಕಿ, ಫೋನಿನಲ್ಲಿ ತಂಬೂರಿ ಹಚ್ಚಿಕೊಂಡು, ಮಂದ್ರದಿಂದ ತಾರದವರೆಗೆ ಸ-ಪ-ಸ ನುಡಿಸಲು ಬಲ್ಲವರೊಬ್ಬರನ್ನು ಕರೆದೊಯ್ಯಿರಿ. ನಡುವಿನ ಡಿ ಸ್ವರ ಸ್ವಲ್ಪ ಏರಿರುವುದು ಬಹುತೇಕ ಎಲ್ಲ ಸ್ಯಾಕ್ಸೋಫೋನ್‌ಗಳ ಸ್ವಭಾವ, ಅದೊಂದಕ್ಕೆ ಹೆದರಬೇಕಿಲ್ಲ.

ನನ್ನ ಸ್ಪಷ್ಟ ಅಭಿಪ್ರಾಯ ಇಷ್ಟು: ಸುಕ್ಕಾದ ಕತ್ತಿನ ಬೆಳ್ಳಿಯ ರಂಪೋನೆ ಸಂಗ್ರಾಹಕರಿಗೆ ಸಲ್ಲುವ ವಸ್ತು, ಅದಕ್ಕೆ ಮೂರು ಪಟ್ಟು ಕೊಡಬೇಡಿ. ಲ್ಯಾಕರಿನ ವಾದ್ಯ ಈ ಪರೀಕ್ಷೆಯಲ್ಲಿ ನಿಂತರೆ ಅದನ್ನೇ ಕೊಳ್ಳಿ, ಉಳಿದ ಹಣವನ್ನು ಪ್ಯಾಡ್ ಕೆಲಸಕ್ಕೆ ಇಡಿ, ಆ ಕೆಲಸವನ್ನು ಹೊರಡುವ ಮೊದಲು ಮಿಲಾನ್‌ನಲ್ಲಿಯೇ ಮಾಡಿಸಿ. ಸಾಗಿಸುವಾಗ ಕತ್ತನ್ನು ಬೇರೆಯಾಗಿ ಸುತ್ತಿ, ತೆರೆದಿರುವ ಕೀಗಳ ಕೆಳಗೆ ಕಾರ್ಕಿನ ತುಂಡುಗಳನ್ನು ಇಟ್ಟು ಅಲುಗದಂತೆ ಮಾಡಿ, ಸಾಧ್ಯವಾದರೆ ವಿಮಾನದಲ್ಲಿ ಕೈಸಾಮಾನಿನ ಜೊತೆಯೇ ತನ್ನಿ.