ಸಹಾಯ ಬೇಕು: ಕೆರಟೋಕೋನಸ್ ಇರುವ ತಮ್ಮನಿಗೆ ಸ್ಕ್ಲೀರಲ್ ಲೆನ್ಸ್

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಡಿಪ್ಲೊಮಾ ಓದುತ್ತಿರುವ ನನ್ನ ತಮ್ಮನಿಗೆ ಎರಡೂ ಕಣ್ಣುಗಳಲ್ಲಿ ಕೆರಟೋಕೋನಸ್ ಇದೆ. ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ತೆಳುವಾಗಿ ಶಂಕುವಿನಂತೆ ಮುಂದಕ್ಕೆ ಉಬ್ಬಿರುವುದರಿಂದ ಕನ್ನಡಕ ಹಾಕಿದರೂ ಬೋರ್ಡಿನ ಅಕ್ಷರಗಳು ಒಂದರ ಮೇಲೊಂದು ಬಿದ್ದಂತೆ ಕಾಣುತ್ತವೆ. ರೈಬೊಫ್ಲೇವಿನ್ ಹನಿ ಹಾಕಿ ನೇರಳಾತೀತ ಕಿರಣ ಹಾಯಿಸುವ ಕ್ರಾಸ್‌ಲಿಂಕಿಂಗ್ ಚಿಕಿತ್ಸೆ ಕಳೆದ ವರ್ಷ ಆಗಿದೆ. ಅದು ರೋಗ ಮುಂದುವರಿಯದಂತೆ ತಡೆಯುತ್ತದೆಯೇ ಹೊರತು ಸ್ಪಷ್ಟ ದೃಷ್ಟಿಯನ್ನು ಮರಳಿಸುವುದಿಲ್ಲ. ಆರ್‌ಜಿಪಿ ಲೆನ್ಸ್ (ಕಾರ್ನಿಯಾದ ಮೇಲೆ ಕೂರುವ ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್) ಅವನಿಗೆ ಚುಚ್ಚುತ್ತದೆ. ಆದ್ದರಿಂದ, ಕಣ್ಣಿನ ಬಿಳಿಭಾಗದ ಮೇಲೆ ಕುಳಿತು, ಕಾರ್ನಿಯಾವನ್ನು ಮುಟ್ಟದೆ, ನಡುವೆ ಸಲೈನ್ ತುಂಬಿಕೊಂಡಿರುವ ಸ್ಕ್ಲೀರಲ್ ಲೆನ್ಸನ್ನು ವೈದ್ಯರು ಸೂಚಿಸಿದ್ದಾರೆ.

ಇದನ್ನು ಬಳಸುತ್ತಿರುವವರು ದಯವಿಟ್ಟು ತಿಳಿಸಿ: ಹುಬ್ಬಳ್ಳಿ ಅಥವಾ ಬೆಂಗಳೂರಿನಲ್ಲಿ ಸರಿಯಾಗಿ ಅಳತೆ ತೆಗೆದು, ಕಣ್ಣಿಗೆ ಹೊಂದುವವರೆಗೆ ಬದಲಿಸಿಕೊಡುವ ಆಸ್ಪತ್ರೆ ಯಾವುದು? ಜೋಡಿಗೆ ಎಷ್ಟು ಖರ್ಚಾಯಿತು? ಮಧ್ಯಾಹ್ನದ ಹೊತ್ತಿಗೆ ಲೆನ್ಸ್ ಮಬ್ಬಾದರೆ ಏನು ಮಾಡುತ್ತೀರಿ? ಕಣ್ಣುಜ್ಜುವ ಅಭ್ಯಾಸ ಬಿಡಿಸಿದ ಬಗೆಯನ್ನೂ ಹೇಳಿದರೆ ಬಹಳ ಉಪಕಾರವಾಗುತ್ತದೆ.